ಲೇಖನದಲ್ಲಿ ಹಕ್ಕಿ ಎಲ್ಲಿ?

ನಮಸ್ಕಾರ. ಪ್ರಾಣಿಗಳ ಎಚ್ಚರಿಕೆಯ ಬಣ್ಣದ ಬಗ್ಗೆ, ಅಂದರೆ 'ನನ್ನನ್ನು ತಿಂದರೆ ಕಷ್ಟ' ಎಂದು ಸಾರುವ ಬಣ್ಣದ ಬಗ್ಗೆ, ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಯಾಕೆ ಅಂತ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲ ಎರಡು ಪ್ಯಾರಾ ಬರೀ ಪ್ರಕೃತಿಯ ವಿಸ್ಮಯ. ಸುಮ್ನೆ ತೆಗೆದುಹಾಕಿ. ಆಮೇಲೆ ಕಣಜ, ವಿಷದ ಕಪ್ಪೆ, ಸ್ಕಂಕ್ ಅಂತ 11 ಪ್ರಾಣಿಗಳು ಬಂದು ಹಾಜರಿ ಹಾಕಿ ಹೋಗುತ್ತವೆ. ಒಂದೂ ನೆನಪಲ್ಲಿ ಉಳಿಯುವುದಿಲ್ಲ. ನೀವೇ ಕಣ್ಣಾರೆ ನೋಡಿ ಬರೆದದ್ದು ಒಂದೇ ಕಡೆ: ಗುಲಗಂಜಿ ಹುಳುವನ್ನು ಹಿಡಿದಾಗ ಅದರ ಕಾಲಿನ ಗಂಟಿನಿಂದ ಹಳದಿ ಹನಿ ಜಿನುಗಿ ಬೆರಳು ನಾತ ಹೊಡೆಯಿತು ಎಂಬ ಸಾಲು. ಆ ಹನಿ ಹುಳುವಿನ ರಕ್ತವೇ, ಕಹಿ ರಕ್ತ. ಇದನ್ನು ಏಳನೇ ಪುಟದಲ್ಲಿ ಬಚ್ಚಿಟ್ಟಿದ್ದೀರಲ್ಲ! ಲೇಖನ ಇಲ್ಲಿಂದಲೇ ಶುರುವಾಗಲಿ.

ನನ್ನ ದೊಡ್ಡ ತಕರಾರು ಬೇರೆ. 'ಶತ್ರುವನ್ನು ಹೆದರಿಸಲು ಕೀಟ ಕೆಂಪಾಯಿತು' ಅಂತೀರಿ. ಕೀಟ ಹಾಗೆ ಯೋಚನೆ ಮಾಡಿ ಬಣ್ಣ ಬಳಿದುಕೊಳ್ಳುತ್ತದಾ? ಕಹಿ ಇಲ್ಲವೇ ವಿಷದ ಹುಳುವನ್ನು ಒಮ್ಮೆ ತಿಂದು ಪಾಡುಪಟ್ಟ ಹಕ್ಕಿ ಅಂಥದ್ದನ್ನು ಮತ್ತೆ ಮುಟ್ಟುವುದಿಲ್ಲ. ಎದ್ದು ಕಾಣುವ ಬಣ್ಣವಾದರೆ ಅದಕ್ಕೆ ಬೇಗ ಗುರುತು ಸಿಗುತ್ತದೆ. ಹಾಗಾಗಿ ಆ ಬಣ್ಣದವು ಜಾಸ್ತಿ ಉಳಿಯುತ್ತವೆ, ಮರಿ ಮಾಡುತ್ತವೆ. ಕಥೆಯ ಅರ್ಧ ನಡೆಯುವುದು ಹಕ್ಕಿಯ ತಲೆಯೊಳಗೆ. ನಿಮ್ಮ ಲೇಖನದಲ್ಲಿ ಹಕ್ಕಿಯೇ ಇಲ್ಲ.

ಮೊನಾರ್ಕ್ ಚಿಟ್ಟೆಯನ್ನು ಒಂದೇ ಸಾಲಲ್ಲಿ ಮುಗಿಸಿದ್ದೀರಿ. ಅಲ್ಲಿ ಸ್ವಲ್ಪ ನಿಲ್ಲಬೇಕಿತ್ತು. ಅದರ ಮರಿಹುಳು ಎಕ್ಕದ ಸಂಬಂಧಿ ಗಿಡಗಳನ್ನು ತಿಂದು, ಅವುಗಳ ವಿಷವನ್ನು ಮೈಯಲ್ಲೇ ಕೂಡಿಟ್ಟುಕೊಳ್ಳುತ್ತದೆ. 1960ರ ದಶಕದಲ್ಲಿ ಅಮೆರಿಕದ ವಿಜ್ಞಾನಿ ಲಿಂಕನ್ ಬ್ರೋವರ್ ಮತ್ತು ಸಂಗಡಿಗರು ಅಂಥ ಚಿಟ್ಟೆಗಳನ್ನು ಬ್ಲೂ ಜೇ ಹಕ್ಕಿಗಳಿಗೆ ಕೊಟ್ಟು ನೋಡಿದರು. ತಿಂದ ಹಕ್ಕಿ ವಾಂತಿ ಮಾಡಿತು, ಆಮೇಲೆ ಮೊನಾರ್ಕ್ ಕಂಡರೆ ಸಾಕು, ದೂರ. ಎಲೆಕೋಸು ತಿನ್ನಿಸಿ ಬೆಳೆಸಿದ ಮೊನಾರ್ಕ್‌ಗಳನ್ನು ತಿಂದ ಹಕ್ಕಿಗಳಿಗೆ ಏನೂ ಆಗಲಿಲ್ಲ. ಬಣ್ಣ ಅದೇ, ವಿಷ ಮಾತ್ರ ಇಲ್ಲ! ಹೀಗಿರುವಾಗ 'ಗಾಢ ಬಣ್ಣದ ಪ್ರಾಣಿಗಳೆಲ್ಲ ವಿಷಕಾರಿ' ಎಂಬ ನಿಮ್ಮ ವಾಕ್ಯ ನಿಲ್ಲುವುದಿಲ್ಲ. ನವಿಲಿನ ಬಣ್ಣವೂ ಗಾಢವೇ, ಅಲ್ವಾ?

ಇನ್ನೊಂದು ಪ್ರಶ್ನೆಯನ್ನು ನೀವು ಮುಟ್ಟಿಯೇ ಇಲ್ಲ. ಹಕ್ಕಿಗಳಿಗೆ ಇನ್ನೂ ಪಾಠವೇ ಆಗಿರದಿದ್ದಾಗ, ಎದ್ದು ಕಾಣುವ ಮೊಟ್ಟಮೊದಲ ಹುಳು ಹೇಗೆ ಬದುಕಿತು? ಇಂಥ ಹುಳುಗಳಲ್ಲಿ ಎಷ್ಟೋ ಜಾತಿ ಗುಂಪಾಗಿ ಇರುತ್ತವೆ. ಒಂದು ಸತ್ತು, ಅದನ್ನು ತಿಂದ ಹಕ್ಕಿ ಪಾಠ ಕಲಿತು, ಅದರ ಒಡಹುಟ್ಟಿದವು ಉಳಿದಿರಬಹುದು ಎಂಬ ವಾದ ಹಳೆಯದು. ಎಲ್ಲರೂ ಒಪ್ಪಿಲ್ಲ. ಓದುಗರಿಗೆ ಕುತೂಹಲ ಹುಟ್ಟುವುದೇ ಇಲ್ಲಿ, ಇದಕ್ಕೆ ಒಂದು ಪುಟವನ್ನೇ ಕೊಡಿ.

ಗುಲಗಂಜಿ ಹುಳು, ಮೊನಾರ್ಕ್ ಇಷ್ಟೇ ಇಟ್ಟುಕೊಂಡು ಬರೆದು ಕಳಿಸಿ. ಏಳು ಪುಟ ಬೇಡ, ಮೂರು ಸಾಕು.