ಕುತ್ತಿಗೆ ನೋಯದಿರಲು ದಿಂಬು ಹೇಗಿರಬೇಕು?

ಬೆಳಿಗ್ಗೆ ಏಳುವಾಗ ಕುತ್ತಿಗೆ ಹಿಡಿದುಕೊಂಡಿರುತ್ತದೆ, ಯಾವ ದಿಂಬು ಸೂಕ್ತ ಎಂದು ಕೇಳಿದ್ದೀರಿ. ದಿಂಬಿನೊಳಗೆ ಏನು ತುಂಬಿದ್ದಾರೆ ಎನ್ನುವುದಕ್ಕಿಂತ ಮೊದಲು ನೋಡಬೇಕಾದದ್ದು ಅದರ ಎತ್ತರವನ್ನು. ಅದು ನೀವು ಮಲಗುವ ಭಂಗಿಯನ್ನು ಅವಲಂಬಿಸಿದೆ.

ಮಗ್ಗುಲಾಗಿ ಮಲಗಿದಾಗ ಹಾಸಿಗೆಗೂ ತಲೆಗೂ ನಡುವೆ ಭುಜದಷ್ಟು ಅಂತರ ಉಳಿಯುವುದರಿಂದ, ಅದನ್ನು ತುಂಬುವಷ್ಟು ಎತ್ತರದ, ತುಸು ಗಟ್ಟಿಯಾದ ದಿಂಬು ಬೇಕು; ಇಲ್ಲವಾದರೆ ಕುತ್ತಿಗೆ ರಾತ್ರಿಯಿಡೀ ಒಂದೇ ಕಡೆಗೆ ವಾಲಿಕೊಂಡಿರುತ್ತದೆ. ಇದನ್ನು ಪರೀಕ್ಷಿಸಲು, ಮಲಗಿರುವಾಗ ಬೆನ್ನ ಹಿಂದಿನಿಂದ ಒಂದು ಫೋಟೊ ತೆಗೆಸಿಕೊಳ್ಳಿ. ತಲೆಯ ಹಿಂಭಾಗ, ಕುತ್ತಿಗೆ, ಬೆನ್ನುಮೂಳೆ ಒಂದೇ ನೇರದಲ್ಲಿದ್ದರೆ ಎತ್ತರ ಸರಿಯಾಗಿದೆ. ಹಾಸಿಗೆ ಮೆತ್ತಗಿದ್ದರೆ ಭುಜ ಅದರೊಳಗೆ ಇಳಿಯುವುದರಿಂದ ತೆಳುವಾದ ದಿಂಬೇ ಸಾಕಾಗಬಹುದು. ಹೀಗಾಗಿ ಅಂಗಡಿಯಲ್ಲಿ ಕೈಯಿಂದ ಒತ್ತಿ ನೋಡಿ ತೀರ್ಮಾನಿಸುವುದನ್ನು ನಾನು ಒಪ್ಪುವುದಿಲ್ಲ.

ಅಂಗಾತ ಮಲಗುವವರಿಗೆ ಮಧ್ಯಮ ಎತ್ತರ ಸಾಕು, ಗದ್ದ ಎದೆಯ ಕಡೆಗೆ ಬಾಗಬಾರದು. ಬೋರಲು ಮಲಗುವವರಿಗೆ ತೀರಾ ತೆಳುವಾದದ್ದೇ ಒಳ್ಳೆಯದು.

ಹತ್ತಿಯ ದಿಂಬು ಬರಬರುತ್ತಾ ಗಂಟುಕಟ್ಟಿ ತಗ್ಗುತ್ತದೆ. ಲ್ಯಾಟೆಕ್ಸ್, ಅಂದರೆ ರಬ್ಬರಿನಂಥ ಪುಟಿಯುವ ವಸ್ತುವಿನ ದಿಂಬು, ಆಕಾರವನ್ನು ಹೆಚ್ಚು ಕಾಲ ಉಳಿಸಿಕೊಳ್ಳುತ್ತದೆ. ತಲೆಯ ಆಕಾರಕ್ಕೆ ತಕ್ಕಂತೆ ತಗ್ಗುವ ಮೆಮೊರಿ ಫೋಮ್ ಕೆಲವರಿಗೆ ಸೆಕೆಯೆನಿಸುತ್ತದೆ. ದಿಂಬು ಬದಲಿಸಿದ ಮೇಲೂ ನೋವು ತೋಳಿಗೆ ಇಳಿಯುತ್ತಿದ್ದರೆ ಅಥವಾ ಬೆರಳುಗಳು ಜೋಮು ಹಿಡಿಯುತ್ತಿದ್ದರೆ ತಡಮಾಡದೆ ವೈದ್ಯರನ್ನು ಕಾಣಿರಿ.