ಐರ್ಲೆಂಡಿನಿಂದ ಬಂದ ತಾತ

ಪ್ರಶ್ನೆ: ನಮ್ಮಮ್ಮನ ಅಪ್ಪ ಐರ್ಲೆಂಡಿನವರು. 1898ರಲ್ಲಿ ಕಾರ್ಕ್ ಕೌಂಟಿಯಲ್ಲಿ ಹುಟ್ಟಿ, ಕೆಜಿಎಫ್ ಗಣಿ ಕೆಲಸಕ್ಕೆ ಬಂದು, ಇಲ್ಲಿಯ ಹುಡುಗಿಯನ್ನೇ ಮದುವೆಯಾದರು. ಅವರಪ್ಪನೂ ಚಿಕ್ಕಂದಿನಲ್ಲಿ ತಾಮ್ರದ ಗಣಿಯಲ್ಲಿ ದುಡಿದವರಂತೆ. ನಮ್ಮಲ್ಲಿ ಉಳಿದಿರುವುದು ಒಂದು ತಗಡಿನ ಟ್ರಂಕು, ಒಂದು ಜಪಸರ. ಅಮ್ಮನಿಗೀಗ 88. ತನ್ನನ್ನು ಮಲಗಿಸುವಾಗ ಅಪ್ಪ ಇಂಗ್ಲಿಷೂ ಅಲ್ಲದ ಯಾವುದೋ ಭಾಷೆಯಲ್ಲಿ ಹಾಡುತ್ತಿದ್ದರು ಅನ್ನುತ್ತಾಳೆ. ತಾತನ ಬದುಕನ್ನು ಮೊಮ್ಮಕ್ಕಳಿಗಾಗಿ ಬರೆದಿಡಬೇಕು. ಎಲ್ಲಿಂದ ಶುರು ಮಾಡಲಿ?
– ಓದುಗರೊಬ್ಬರು, ಬಂಗಾರಪೇಟೆ

ಉತ್ತರ: ನಮ್ಮ ತಾತ ಮುಳಬಾಗಿಲು ಕಡೆಯ ಹಳ್ಳಿಯಿಂದ ಬಂದು ಕೆಜಿಎಫ್‌ನದೇ ನಂದಿದುರ್ಗ ಗಣಿಗೆ ಇಳಿದವರು. ಅವರ ನಂಬರ್ ಕೊರೆದ ಹಿತ್ತಾಳೆ ಬಿಲ್ಲೆ ನನ್ನ ಮೇಜಿನ ಡ್ರಾಯರಿನಲ್ಲಿದೆ. ಅಂಚು ಸವೆದು ಬೆರಳಿಗೆ ನುಣ್ಣಗೆ ಸಿಗುತ್ತದೆ. ಮೊದಲ ದಿನ ಕೆಳಗೆ ಇಳಿದಾಗ ಹೇಗನ್ನಿಸಿತು ತಾತ ಅಂತ ನಾನು ಒಂದು ಸಲವೂ ಕೇಳಲಿಲ್ಲ. ಅವರು ಹೋಗಿ 40 ವರ್ಷವಾದರೂ ಆ ಸಂಕಟ ಹೋಗಿಲ್ಲ. ಅದಕ್ಕೇ ಹೇಳುತ್ತೇನೆ ಅಮ್ಮಾ, ಕಾಗದಪತ್ರ ಆಮೇಲಾಗಲಿ, ಈ ವಾರವೇ ನಿಮ್ಮ ತಾಯಿಯ ಹತ್ತಿರ ಕೂತುಕೊಳ್ಳಿ.

ನಿಮ್ಮಪ್ಪ ಹೇಗಿದ್ದರು ಅಂತ ಕೇಳಿದರೆ ‘ಒಳ್ಳೆಯವರು’ ಅಂದು ಸುಮ್ಮನಾಗುತ್ತಾರೆ. ಚಿಕ್ಕಚಿಕ್ಕದ್ದು ಕೇಳಿ. ಶುಕ್ರವಾರ ಮಾಂಸ ಬಿಡುತ್ತಿದ್ದರಾ? ಆವತ್ತು ಅಜ್ಜಿ ಏನು ಮಾಡಿಡುತ್ತಿದ್ದರು? ಮುದ್ದೆ ನುಂಗುತ್ತಿದ್ದರಾ, ಅಗಿಯುತ್ತಿದ್ದರಾ? ಸಿಟ್ಟು ಬಂದರೆ ಯಾವ ಭಾಷೆಯಲ್ಲಿ ಬೈಯುತ್ತಿದ್ದರು? ಅಜ್ಜಿಯನ್ನು ಏನಂತ ಕರೆಯುತ್ತಿದ್ದರು? ಒಂದಕ್ಕೆ ಉತ್ತರ ಸಿಕ್ಕರೆ ಅದರ ಬೆನ್ನಿಗೇ ಹತ್ತು ಬರುತ್ತವೆ.

ಆಮೇಲೆ ದಾಖಲೆ. 1922ರಲ್ಲಿ ಡಬ್ಲಿನ್‌ನ ದಾಖಲೆಗಳ ಕಚೇರಿ ಅಂತರ್ಯುದ್ಧದಲ್ಲಿ ಸುಟ್ಟುಹೋಗಿ, 1851ರವರೆಗಿನ ಹಳೆಯ ಜನಗಣತಿಯ ಪುಸ್ತಕಗಳು ಬಹುಪಾಲು ಬೂದಿಯಾದವು. ಪುಣ್ಯಕ್ಕೆ 1901 ಮತ್ತು 1911ರವು ಉಳಿದಿವೆ, ಐರ್ಲೆಂಡಿನ ರಾಷ್ಟ್ರೀಯ ಪತ್ರಾಗಾರದ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ದುಡ್ಡಿಲ್ಲದೆ ನೋಡಬಹುದು. 1901ರಲ್ಲಿ ನಿಮ್ಮ ತಾತ ಎರಡು-ಮೂರು ವರ್ಷದ ಮಗು. ಮನೆಯವರ ಹೆಸರು, ವಯಸ್ಸು, ಕಸುಬು, ಓದುಬರಹ ಬರುತ್ತದೆಯೇ ಅನ್ನುವುದಷ್ಟೇ ಅಲ್ಲ, ಸೂರು ಹುಲ್ಲಿನದೋ ಅಲ್ಲವೋ, ಮನೆಯ ಮುಂಭಾಗಕ್ಕೆ ಎಷ್ಟು ಕಿಟಕಿ ಅನ್ನುವುದೂ ಅದರಲ್ಲಿ ಇರುತ್ತದೆ. 1911ರದ್ದರಲ್ಲಿ ತಾಯಿ ಹೆತ್ತ ಮಕ್ಕಳೆಷ್ಟು, ಬದುಕಿರುವವರೆಷ್ಟು ಅಂತ ಎರಡು ಅಂಕಣ ಪಕ್ಕಪಕ್ಕದಲ್ಲಿವೆ. ಆ ಎರಡು ಅಂಕಿಯನ್ನು ಬರೆದುಕೊಳ್ಳದೆ ಬರಬೇಡಿ. ಹೆಸರಿನ ಕಾಗುಣಿತ ಒಂದೊಂದು ಕಡೆ ಒಂದೊಂದು ಥರ ಇದ್ದೀತು, ಎಲ್ಲ ಥರವೂ ಹುಡುಕಿ. ತಾತ ಮದುವೆಯಾದ ಚರ್ಚಿನ ರಿಜಿಸ್ಟರಿನಲ್ಲಿ ಅವರಪ್ಪನ ಹೆಸರಿದ್ದರೆ ಹುಡುಕುವುದು ಸುಲಭ.

ತಾಮ್ರದ ಗಣಿ ಅಂದಿರಲ್ಲ, ಕಾರ್ಕ್‌ನ ಪಶ್ಚಿಮ ತುದಿಯ ಕಡಲ ದಂಡೆಯಲ್ಲಿ ಅಲಿಹೀಸ್ ಅಂತ ಊರಿದೆ, ಅಲ್ಲಿಂದ ಹುಡುಕಿ ನೋಡಿ. 1880ರ ದಶಕದಲ್ಲಿ ಅಲ್ಲಿಯ ಗಣಿ ನಿಂತಿತು. ಅಲ್ಲಿಯವರು ಅಮೆರಿಕದ ಬ್ಯೂಟ್ ಗಣಿಗಳವರೆಗೂ ಕೆಲಸ ಹುಡುಕಿಕೊಂಡು ಹೋದರು. 2001ರ ಫೆಬ್ರವರಿ 28ರಂದು ನಮ್ಮ ಗಣಿ ಮುಚ್ಚಿದ ಮೇಲೆ ಬೆಳಗಿನ ಬೆಂಗಳೂರು ರೈಲಿಗೆ ಓಡಿದವರನ್ನು ನೋಡಿದ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಲ್ಲಿ ಚಿನ್ನ ತೆಗೆಯಲು 1873ರಲ್ಲಿ ಮೈಸೂರು ಸರ್ಕಾರದ ಪರವಾನಗಿ ಕೇಳಿದ ಲ್ಯಾವೆಲ್ ಕೂಡ ಐರಿಷ್ ಸೈನಿಕ. ಅವನ ಹೆಸರಿಗೆ ಬೆಂಗಳೂರಿನಲ್ಲಿ ರಸ್ತೆಯಿದೆ. ನಿಮ್ಮ ತಾತನ ಹೆಸರು ನೀವು ಬರೆದರೆ ಉಂಟು.

ಇನ್ನು ಆ ಜೋಗುಳ. ಅದು ಐರಿಷ್ ಭಾಷೆಯದೇ ಇರಬೇಕು. ಆ ಭಾಷೆ ಬರುತ್ತದೆಯೇ ಅನ್ನುವುದಕ್ಕೂ ಗಣತಿಯಲ್ಲಿ ಒಂದು ಅಂಕಣವಿದೆ, ನೋಡಿ. ಆದರೆ ಹಾಡು ಉಳಿದಿರುವುದು ನಿಮ್ಮ ತಾಯಿಯ ಬಾಯಲ್ಲಿ ಮಾತ್ರ. ಮೊಬೈಲ್ ಪಕ್ಕದಲ್ಲಿಟ್ಟು ಗುನುಗಲು ಹೇಳಿ. ಅರ್ಥ ತಿಳಿಯದಿದ್ದರೂ ಕೇಳಿಸಿದ ಹಾಗೆಯೇ ಕನ್ನಡದಲ್ಲಿ ಬರೆದುಕೊಂಡು ಅವರಿಗೇ ಓದಿ ಹೇಳಿ. ತಪ್ಪಿದ ಕಡೆ ಅವರೇ ತಿದ್ದುತ್ತಾರೆ.