ತೋಟದ ಮನೆಗೆ ಸಿಮ್ ಹಾಕುವ ಮೇಜಿನ ಫೋನ್: ಸಿಗ್ನಲ್, ಕೇಬಲ್, ಸಿಡಿಲು

ಮರ ಬಿದ್ದು ಲ್ಯಾಂಡ್‌ಲೈನ್ ತಂತಿ ಪದೇ ಪದೇ ಹರಿಯುತ್ತದೆ, ತೋಟದ ಮನೆಯಲ್ಲಿರುವ ಅಪ್ಪ-ಅಮ್ಮನಿಗೆ ಸಿಮ್ ಹಾಕುವ ಮೇಜಿನ ಫೋನ್ ಕೊಡಿಸಬಹುದಾ, ಹೊರಗೆ ಆಂಟೆನಾ ಬೇಕಾ ಅಂತ ಕೇಳಿದ್ದೀರಿ. ಧಾರಾಳವಾಗಿ ಕೊಡಿಸಿ. ಆದರೆ ಮೊದಲು ಆ ಮನೆಯೊಳಗೆ ಯಾವ ಕಂಪನಿಯ ಸಿಗ್ನಲ್ ಸಿಗುತ್ತದೆ ನೋಡಿ, ಸೆಟ್ ಆಮೇಲೆ.

ಜಿಯೋಗೆ 2ಜಿ ಇಲ್ಲವೇ ಇಲ್ಲ. ಅಗ್ಗದ 2ಜಿ ಸೆಟ್‌ಗೆ ಜಿಯೋ ಸಿಮ್ ಹಾಕಿದರೆ ಅದು ಬರೀ ಗಡಿಯಾರ. 4ಜಿ ಅಂತ ಬರೆದಿದ್ದರೂ ಸಾಲದು, ವೋಲ್ಟಿ (4ಜಿ ಜಾಲದಲ್ಲೇ ಕರೆ ಮಾಡುವ ಸೌಲಭ್ಯ) ಇದೆಯಾ ಕೇಳಿ. ಇಲ್ಲದಿದ್ದರೆ ಜಿಯೋದಲ್ಲಿ ಇಂಟರ್ನೆಟ್ ಬರುತ್ತದೆ, ಕರೆ ಹೋಗುವುದಿಲ್ಲ. ಬಿಎಸ್‌ಎನ್‌ಎಲ್ 4ಜಿಗಾದರೆ 700 ಮೆಗಾಹರ್ಟ್ಸ್, ಅಂದರೆ ಬ್ಯಾಂಡ್ 28 ಇರುವ ಸೆಟ್ಟೇ ತನ್ನಿ. ಅಟ್ಟದ ಮೇಲಿರುವ ಹಳೇ ಡಬ್ಲ್ಯುಎಲ್‌ಎಲ್ (ತಂತಿಯಿಲ್ಲದ ಲ್ಯಾಂಡ್‌ಲೈನ್) ಸೆಟ್, ಈಗ ನಿಂತುಹೋದ ಸಿಡಿಎಂಎ ಜಾಲದ ಕಾಲದ್ದು, ಗುಜರಿಗೆ ಹಾಕಿ.

ಸಿಮ್‌ಗೆ ಪಿನ್ ಲಾಕ್ ಇದ್ದರೆ ಮೊಬೈಲಲ್ಲೇ ತೆಗೆದುಬಿಡಿ. ಅಡಾಪ್ಟರ್ ಕಿತ್ತು, ಬ್ಯಾಟರಿ ತೆಗೆದು, ಆಮೇಲೆ ಸಿಮ್ ಕೂರಿಸಿ. ನ್ಯಾನೋ ಸಿಮ್‌ಗೆ ಪ್ಲಾಸ್ಟಿಕ್ ಚೌಕಟ್ಟು ಹಾಕುವುದಾದರೆ ಹಿಂಬದಿಗೆ ತೆಳು ಟೇಪ್ ಅಂಟಿಸಿ. ಖಾಲಿ ಚೌಕಟ್ಟನ್ನಂತೂ ಒಳಗೆ ತಳ್ಳಬೇಡಿ, ಎಳೆಯುವಾಗ ಸ್ಲಾಟಿನ ಪಿನ್ ಎದ್ದುಬಿಡುತ್ತದೆ. ನಂಬರ್ ಒತ್ತಿದ ಮೇಲೆ ಕರೆ ಹೋಗುವ ಅವಧಿ ಸಾಮಾನ್ಯವಾಗಿ ಮೆನುವಿನಲ್ಲಿರುತ್ತದೆ. ವಯಸ್ಸಾದವರು ನಿಧಾನಕ್ಕೆ ಒತ್ತುತ್ತಾರೆ, ಅದನ್ನು 5 ಸೆಕೆಂಡಿಗೆ ಇಡಿ.

ಜಾಗ ಹುಡುಕುವಾಗ ಅವಸರ ಬೇಡ. ಸೆಟ್ ಇಟ್ಟು ಅರ್ಧ ನಿಮಿಷ ಕಾದು ಕಡ್ಡಿ ನೋಡಿ, ಕಡ್ಡಿ ತಡವಾಗಿ ಬದಲಾಗುತ್ತದೆ. ಜಿಂಕ್ ಶೀಟಿನ ಮಾಡು ಸಿಗ್ನಲ್ ತಡೆಯುತ್ತದೆ, ಹೆಂಚು ಅಷ್ಟು ತಡೆಯುವುದಿಲ್ಲ. ಟವರ್ ಕಡೆಯ ಕಿಟಕಿ ಒಳ್ಳೆಯದು. ಬೇಸಿಗೆಯಲ್ಲಿ ಒಂದೇ ಕಡ್ಡಿ ಬರುವ ಜಾಗವನ್ನು ನಂಬಬೇಡಿ: ಆಷಾಢದ ಮಳೆಗೆ ತೋಟದ ಸೊಪ್ಪೆಲ್ಲ ತೊಯ್ದು ನಿಂತಾಗ ಆ ಒಂದೂ ಹೋಗುತ್ತದೆ.

ಕಿಟಕಿಯಲ್ಲಿ ಎರಡು ಕಡ್ಡಿ ಬಂದರೆ ಹೊರಗಿನ ಆಂಟೆನಾ ಬೇಡವೇ ಬೇಡ. ಬೇಕೇ ಆದರೆ ದುಡ್ಡನ್ನು ಕೇಬಲ್‌ಗೆ ಹಾಕಿ. ಅಂಗಡಿಯವರು ಕೊಡುವ ತೆಳ್ಳನೆ ಆರ್‌ಜಿ-58 ಕೇಬಲ್ 10 ಮೀಟರಿಗೆ 900 ಮೆಗಾಹರ್ಟ್ಸ್‌ನಲ್ಲಿ ಸುಮಾರು 5 ಡೆಸಿಬೆಲ್ ತಿನ್ನುತ್ತದೆ, ಅಂದರೆ ಸಿಕ್ಕ ಸಿಗ್ನಲ್ಲಿನಲ್ಲಿ ಮೂರನೇ ಒಂದು ಭಾಗ ಮಾತ್ರ ಸೆಟ್ ತಲುಪುತ್ತದೆ. 1800 ಮೆಗಾಹರ್ಟ್ಸ್‌ನಲ್ಲಿ ತಲುಪುವುದು ಇನ್ನೂ ಕಡಿಮೆ. ದಪ್ಪನೆ ಎಲ್‌ಎಂಆರ್-400 ಆದರೆ ಅಷ್ಟೇ ಉದ್ದಕ್ಕೆ 2 ಡೆಸಿಬೆಲ್ ಒಳಗೆ. ದಪ್ಪ ಕೇಬಲ್ಲಿನ ಭಾರಕ್ಕೆ ಸೆಟ್ಟಿನ ಸಾಕೆಟ್ ಮುರಿಯುತ್ತದೆ, ಕೊನೆಗೆ ಒಂದಡಿ ತೆಳು ತುಂಡು ಜೋಡಿಸಿ. ಗೋಡೆಗೆ ನುಗ್ಗುವ ಮೊದಲು ಕೇಬಲ್ ಒಮ್ಮೆ ಕೆಳಗೆ ಜೋತು ಮೇಲೆ ಬರಲಿ, ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಮಳೆಗಾಲ ಮುಗಿದ ಮೇಲೆ ಸಿಗ್ನಲ್ ಸತ್ತಿದ್ದರೆ ಮೊದಲು ಮೇಲಿನ ಕನೆಕ್ಟರ್ ಬಿಚ್ಚಿ ನೋಡಿ, ಒಳಗೆ ನೀರಿರುತ್ತದೆ. ಬೂಸ್ಟರ್ (ಸಿಗ್ನಲ್ ಹೆಚ್ಚಿಸುವ ಪೆಟ್ಟಿಗೆ) ಹಾಕಿ ಅನ್ನುವವರ ಮಾತು ಕೇಳಬೇಡಿ. ಪರವಾನಗಿ ಇಲ್ಲದೆ ಅದು ಕಾನೂನುಬಾಹಿರ, ಸುತ್ತಲಿನವರ ಫೋನೂ ಕೆಡುತ್ತದೆ.

ಇನ್ನು ಸಿಡಿಲು. ಆಂಟೆನಾ ಕಂಬವನ್ನು ಮರಕ್ಕೆ ಕಟ್ಟಬೇಡಿ, ಕಂಬಕ್ಕೆ ಅರ್ತಿಂಗ್ ಕೊಡಿ. ಕೇಬಲ್ಲಿಗೆ ಅರೆಸ್ಟರ್ (ಸಿಡಿಲಿನ ವಿದ್ಯುತ್ತನ್ನು ನೆಲಕ್ಕೆ ಹರಿಸುವ ಸಾಧನ) ಹಾಕಿದರೂ ನೇರ ಬಡಿತಕ್ಕೆ ಅದು ಸಾಲುವುದಿಲ್ಲ. ಮಾರ್ಚ್‌ನಿಂದ ಮೇವರೆಗೆ ಮಧ್ಯಾಹ್ನ ಮೋಡ ಕವಿದ ಕೂಡಲೇ, ಗುಡುಗು ಕೇಳುವ ಮೊದಲೇ, ಆಂಟೆನಾ ಕೇಬಲ್ ಬಿಚ್ಚಿ ಕಿಟಕಿಯಾಚೆ ಬಿಡಿ, ಅಡಾಪ್ಟರನ್ನೂ ಕೀಳಿ. ಗುಡುಗು ಶುರುವಾದ ಮೇಲೆ ಕೇಬಲ್ ಮುಟ್ಟಲೇಬಾರದು, ಆ ರಿಸೀವರ್ ಹಿಡಿದು ಮಾತಾಡಲೂಬಾರದು. ಎರಡನ್ನೂ ಮೊದಲೇ ಕಿತ್ತಿದ್ದರೆ ಸೆಟ್ ಬ್ಯಾಟರಿಯಲ್ಲಿ ನಡೆಯುತ್ತದೆ, ಒಳಗಿನ ಸಣ್ಣ ಆಂಟೆನಾ ಹಾಕಿಕೊಂಡು ಮಾತಾಡಬಹುದು. ಅದಕ್ಕೇ ಬ್ಯಾಟರಿ ಸರಿ ಇರಬೇಕು. ತಿಂಗಳಿಗೊಮ್ಮೆ ಮುಚ್ಚಳ ತೆಗೆದು ನೋಡಿ, ಉಬ್ಬಿದ್ದರೆ ಅವತ್ತೇ ಬದಲಿಸಿ.

ಹಳೇ ಕಾರ್ಡ್‌ಲೆಸ್ ಜೋಡಿಸುವ ಸಾಕೆಟ್ ಇರುವ ಸೆಟ್ ತಂದರೆ, ಲ್ಯಾಂಡ್‌ಲೈನಿನ ತಂತಿಯನ್ನು ಅದಕ್ಕೆ ಸಿಕ್ಕಿಸಬೇಡಿ. ಎಕ್ಸ್‌ಚೇಂಜ್‌ನಿಂದ 48 ವೋಲ್ಟ್ ಬರುತ್ತದೆ, ರಿಂಗ್ ಆಗುವಾಗ ಇನ್ನೂ ಹೆಚ್ಚು, ಸೆಟ್ ಸುಟ್ಟುಹೋಗುತ್ತದೆ. ಅಮೆರಿಕದಿಂದ ಮಕ್ಕಳು ತಂದ ಕಾರ್ಡ್‌ಲೆಸ್ ಕೂಡ ಬೇಡ. ಅದು ಕೆಲಸ ಮಾಡುವುದು 1920–1930 ಮೆಗಾಹರ್ಟ್ಸ್‌ನಲ್ಲಿ, ಇಲ್ಲಿ ಅದು ಮೊಬೈಲಿನಿಂದ ಟವರ್‌ಗೆ ಹೋಗುವ ತರಂಗದ ಜಾಗ.

ಈ ನಂಬರನ್ನು ಬ್ಯಾಂಕ್ ಖಾತೆಗೆ ಜೋಡಿಸಬೇಡಿ, ಒಟಿಪಿ ಜಗಲಿಯಲ್ಲಿ ಕೂತ ಯಾರಿಗೂ ಕಾಣುತ್ತದೆ. ರೀಚಾರ್ಜ್ ತಾರೀಖು ನಿಮ್ಮ ಮೊಬೈಲಲ್ಲೇ ಗುರುತು ಹಾಕಿಕೊಳ್ಳಿ. ಮುಗಿದದ್ದು ಅವರಿಗೆ ಗೊತ್ತಾಗುವುದಿಲ್ಲ.